ರಕ್ತ ತೆಗೆದ ಹೊತ್ತು

"ಗ್ಯಾಸ್ ಡಾಕ್ಟ್ರೇ, ರಾತ್ರಿ ಹಲಸಿನಹಣ್ಣಿನ ಕಡುಬು ಜಾಸ್ತಿ ಆಯ್ತು" ಅನ್ನುತ್ತಲೇ ಒಳಗೆ ಬಂದರು. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, 58 ವರ್ಷ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಲು ಹೊರಟಾಗ ಎದೆ ಹಿಡಿದುಕೊಂಡಿತ್ತಂತೆ. ನೋವು ಶುರುವಾಗಿ ಆಗಲೇ ಒಂದೂವರೆ ಗಂಟೆ ಕಳೆದಿತ್ತು. ಅಂಗಿ ಮಳೆಗೆ ನೆಂದದ್ದೋ ಬೆವರಿಗೋ ತಿಳಿಯುವಂತಿರಲಿಲ್ಲ. ಇಸಿಜಿ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ: ಹೃದಯದ ಮುಂಭಾಗದ ದೊಡ್ಡ ಅಟ್ಯಾಕ್. ಆಸ್ಪಿರಿನ್ ಅಗಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟೆವು. ಅದಕ್ಕೆ ರಕ್ತದ ರಿಪೋರ್ಟ್ ಕಾಯುವ ಹಾಗಿಲ್ಲ.

ಆದರೂ ಟ್ರೋಪೋನಿನ್ ಜೊತೆಗೆ, ಹೃದಯದ ಮೇಲಿನ ಒತ್ತಡ ತೋರಿಸುವ ಎನ್‌ಟಿ-ಪ್ರೋಬಿಎನ್‌ಪಿಗೂ ರಕ್ತ ತೆಗೆದಿದ್ದೆ. ಟ್ರೋಪೋನಿನ್ ಹಾರ್ಮೋನ್ ಅಲ್ಲ, ಪೆಟ್ಟು ತಿಂದ ಹೃದಯದ ಸ್ನಾಯುವಿನಿಂದ ಸೋರುವ ಪ್ರೋಟೀನ್. ಬಿಎನ್‌ಪಿ ಹಾರ್ಮೋನ್. 1988ರಲ್ಲಿ ಜಪಾನಿನವರಿಗೆ ಅದು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ, ಹಾಗಾಗಿ ಹೆಸರಲ್ಲಿ ಈಗಲೂ 'ಬ್ರೈನ್' ಇದೆ. ಹೆಚ್ಚಾಗಿ ಸುರಿಸುವುದು ಮಾತ್ರ ಹೃದಯದ ಕೆಳಕೋಣೆ. ಗೋಡೆ ಹಿಗ್ಗಿದಾಗ ಅದು ಉಪ್ಪು, ನೀರು ಹೊರಹಾಕಲು ಕಿಡ್ನಿಗೆ ಹೇಳಿ ಕಳಿಸುತ್ತದೆ. ಹಾರ್ಮೋನ್ ಜೊತೆಗೇ ಬೇರ್ಪಡುವ ತುಣುಕು ಎನ್‌ಟಿ-ಪ್ರೋಬಿಎನ್‌ಪಿ. ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳೆಯಲು ಸಲೀಸು. ಗಾಜನೂರಿನ ತುಂಗಾ ಅಣೆಕಟ್ಟಿನಲ್ಲಿ ಗೇಟ್ ಎಷ್ಟು ಎತ್ತಿದ್ದಾರೆ ಎಂದು ಕೇಳಿ ಮೇಲೆ ಎಷ್ಟು ನೀರು ಬಂದಿದೆ ಅಂತ ಅಂದಾಜು ಮಾಡುತ್ತೇವಲ್ಲ, ಹಾಗೆ.

ಎನ್‌ಟಿ-ಪ್ರೋಬಿಎನ್‌ಪಿ ಅಂಕಿ ಬಂತು: 180. ಮುನ್ನೂರರ ಒಳಗಿದ್ದರೆ ಸಾಮಾನ್ಯವಾಗಿ ಹೃದಯ ಸೋತಿಲ್ಲ ಎಂದು ಲೆಕ್ಕ. ಮಗ ಪದೇ ಪದೇ ಕೇಳುತ್ತಿದ್ದ. "ಹಾರ್ಟ್ ತಡ್ಕೊಂಡಿದೆ ಮಾರಾಯಾ, ಹೆದರಬೇಡ" ಅಂದುಬಿಟ್ಟೆ. ಆಂಬುಲೆನ್ಸ್ ಮಂಡಗದ್ದೆ ದಾರಿ ಹಿಡಿದು ಶಿವಮೊಗ್ಗಕ್ಕೆ ಹೋಯಿತು.

ಮರುದಿನ ರಾತ್ರಿ ಅವರಿಗೆ ಮಲಗಲಾಗದಷ್ಟು ಉಬ್ಬಸ, ಶ್ವಾಸಕೋಶದಲ್ಲಿ ನೀರು. ಅಂಕಿ ಸಾವಿರಗಳಿಗೆ ಏರಿತ್ತು. ಎಕೋ ಸ್ಕ್ಯಾನಿನಲ್ಲಿ ಹೃದಯದ ಪಂಪಿಂಗ್ ಶೇ. 35, ಇರಬೇಕಾದ್ದಕ್ಕಿಂತ ತೀರಾ ಕಮ್ಮಿ. ಮಗ ಫೋನಿನಲ್ಲಿ ಬೈಯಲಿಲ್ಲ. "ನೀವು ಹೇಳಿದ್ರಲ್ಲ ಡಾಕ್ಟ್ರೇ" ಅಂದ, ಅಷ್ಟೇ.

ಯಂತ್ರ ತಪ್ಪು ಹೇಳಿರಲಿಲ್ಲ. ಆಗುಂಬೆಯಲ್ಲಿ ಈಗ ಸುರಿದ ಮಳೆ ಗಾಜನೂರಿಗೆ ಈಗಲೇ ಬರುವುದಿಲ್ಲ. ಅಟ್ಯಾಕ್ ಆದ ಮೇಲೆ ಈ ಅಂಕಿ ಗಂಟೆಗಟ್ಟಲೆ ಏರುತ್ತಾ ಹೋಗಿ, ಸುಮಾರು ಒಂದು ದಿನದ ಹೊತ್ತಿಗೆ ಎತ್ತರ ಮುಟ್ಟುತ್ತದೆ. ಓದಿ ಗೊತ್ತಿತ್ತು. ಆ ಹುಡುಗನ ಮುಖ ನೋಡಿ ಮರೆತಿದ್ದೆ.

ಈಗ ರೆಫರಲ್ ಚೀಟಿಯಲ್ಲಿ ಅಂಕಿಯ ಪಕ್ಕ ಎರಡು ಸಮಯ ಬರೆಯುತ್ತೇನೆ: ನೋವು ಶುರುವಾದದ್ದು, ರಕ್ತ ತೆಗೆದದ್ದು. ಮರುದಿನ ಮತ್ತೆ ಮಾಡಿಸಿ ಎಂದೂ ಸೇರಿಸುತ್ತೇನೆ. ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡದೆ ಮಾತಾಡುವುದಿಲ್ಲ. ಕಿಡ್ನಿ ಸೋತವರಲ್ಲಿ, ವಯಸ್ಸಾದವರಲ್ಲಿ ಅಟ್ಯಾಕ್ ಇಲ್ಲದೆಯೂ ಅಂಕಿ ಹೆಚ್ಚಿರುತ್ತದೆ. ಬೊಜ್ಜಿನವರಲ್ಲಿ ಉಲ್ಟಾ, ಇರಬೇಕಾದ್ದಕ್ಕಿಂತ ಕಮ್ಮಿ ತೋರಿಸುತ್ತದೆ. ಅಪರಿಚಿತರ ಒಂದೇ ಅಂಕಿಗಿಂತ ಒಬ್ಬರದೇ ಎರಡು ಅಂಕಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿವೆ.

ಅವರು ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಸಲ ಅಂಕಿ ಚೆನ್ನಾಗಿ ಇಳಿದಿತ್ತು, ಕಾಲಿನ ಬಾವೂ ಇರಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಎಲ್ಲಿ ಬಚ್ಚಿಟ್ಟರೂ ಹುಡುಕುತ್ತಾರೆ ಎನ್ನುವುದು ಅವರ ಹೆಂಡತಿಯ ದೂರು.