ಕೆರೆ ನೀರಿನ ಬಾಟಲಿಯಲ್ಲಿ ಕಡಲಿನ ಹಸಿವು ನೋಡುವುದು ಹೇಗೆ?

ಕಡಲಿನ ಮೀನುಗಳ ಊಟ ಶುರುವಾಗುವುದೇ ಫೈಟೊಪ್ಲಾಂಕ್ಟನ್ ಎಂಬ ಪುಟ್ಟ ತೇಲುಪಾಚಿಯಿಂದ. ಬಿಸಿಲು ಧಾರಾಳವಾಗಿದ್ದರೂ ಎಷ್ಟೋ ಕಡೆ ಅದು ಬೆಳೆಯುವುದೇ ಇಲ್ಲ. ಕಾರಣ, ಗೊಬ್ಬರ ಸಾಲದು. ಕೋಲಾರಕ್ಕೆ ಕಡಲಿಲ್ಲ, ಆದರೆ ಕೆರೆಗಳಿವೆ ಅಲ್ವಾ? ಕೆರೆಯ ಪಾಚಿಗೂ ಇದೇ ಲೆಕ್ಕ.

1. ಮಳೆ ನೀರಷ್ಟೇ ನಿಂತಿರುವ ಕೆರೆ ಆರಿಸಿ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿರುವ ಕೆರೆಗಳು ಬೇಡ. ಅಂಥ ನೀರಿನಲ್ಲಿ ಪಾಚಿಗೆ ಬೇಕಾದ ನೈಟ್ರೋಜನ್, ಫಾಸ್ಫರಸ್ ಮೊದಲೇ ಇರುತ್ತವೆ. ನೀರನ್ನು ದೊಡ್ಡವರೇ ತುಂಬಲಿ.

2. ಒಂದು ಗಂಟೆ ಬಿಟ್ಟರೆ ಕೆಂಪು ಮಣ್ಣಿನ ದಪ್ಪ ಕಣಗಳು ತಳ ಸೇರುತ್ತವೆ. ಮೇಲಿನ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ. ಪಾಚಿ ತಿನ್ನುವ ನೀರುಹುಳುಗಳು ಒಳಗೆ ಉಳಿದರೆ ಫಲಿತಾಂಶ ಕೆಡುತ್ತದೆ.

3. ನಾಲ್ಕು ಪಾರದರ್ಶಕ ಬಾಟಲಿಗಳಿಗೆ ಒಂದೊಂದು ಲೀಟರ್ ಹಾಕಿ.

4. ಗೊಬ್ಬರದ ಅಳತೆಯೇ ಇಲ್ಲಿ ಮುಖ್ಯ. ನೈಟ್ರೋಜನ್‌ಗಾಗಿ 1 ಗ್ರಾಂ ಯೂರಿಯಾವನ್ನು 1 ಲೀಟರ್ ನೀರಿನಲ್ಲಿ ಕರಗಿಸಿ. ಫಾಸ್ಫರಸ್‌ಗಾಗಿ ಇನ್ನೊಂದು ಲೀಟರ್‌ನಲ್ಲಿ 1 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್ ಕದಡಿ. ತಳದಲ್ಲಿ ಬಿಳಿ ಜಿಪ್ಸಂ ಉಳಿದರೆ ಬಿಡಿ. ಡಿಎಪಿ ಗೊಬ್ಬರ ಬಳಸಲೇಬೇಡಿ. ಅದರಲ್ಲಿ ಎರಡೂ ಪೋಷಕಾಂಶಗಳಿರುವುದರಿಂದ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಸಿರಿಂಜ್‌ನಲ್ಲಿ 10 ಮಿ.ಲೀ. ಎಳೆದು ಒಂದು ಬಾಟಲಿಗೆ ಯೂರಿಯಾ, ಇನ್ನೊಂದಕ್ಕೆ ಫಾಸ್ಫೇಟ್, ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಏನೂ ಬೇಡ. ಹೋಲಿಸಲು ಅದಿರಲೇಬೇಕು.

5. ಮುಚ್ಚಳ ಸಡಿಲ ಬಿಟ್ಟು, ಬೆಳಕಿರುವ ಕಿಟಕಿಯ ಹತ್ತಿರ ಇಡಿ. ನೇರ ಬಿಸಿಲು ಬೇಡ. ದಿನಕ್ಕೊಮ್ಮೆ ಅಲುಗಾಡಿಸಿ. ಒಂದು ವಾರ ಕಳೆದ ಮೇಲೆ ಹಿಂದೆ ಬಿಳಿ ಹಾಳೆ ಹಿಡಿದು ನೋಡಿ.

ಫಾಸ್ಫೇಟ್ ಬಾಟಲಿ ಹಸಿರಾಗಿ, ಯೂರಿಯಾದ್ದು ಹಾಗೇ ಉಳಿದರೆ ಆ ನೀರಿಗೆ ಬೇಕಿದ್ದದ್ದು ಫಾಸ್ಫರಸ್. ಎರಡೂ ಹಾಕಿದ್ದು ಮಾತ್ರ ಹಸಿರಾದರೆ ಎರಡಕ್ಕೂ ಬರ. ನಾಲ್ಕೂ ಒಂದೇ ಬಣ್ಣವಾದರೆ ತಡೆ ಬೇರೆಲ್ಲೋ ಇದೆ. ರಾಗಿ ಹೊಲದಲ್ಲಿ ಸತುವಿನ ಕೊರತೆ ಇದ್ದಾಗ ಯೂರಿಯಾ ಸುರಿದು ಏನು ಪ್ರಯೋಜನ? ಇದೂ ಹಾಗೆಯೇ.

ಕಡಲಿನಲ್ಲಿ ಪಾಚಿ ಸತ್ತು ಕೆಳಗಿಳಿಯುವಾಗ ಪೋಷಕಾಂಶವನ್ನೂ ಕತ್ತಲಿನ ಆಳಕ್ಕೆ ಒಯ್ಯುತ್ತದೆ. ಆ ಪೋಷಕಾಂಶ ಮೇಲೆ ಬಂದರೆ ಮಾತ್ರ ಹೊಸ ಪಾಚಿ ಬೆಳೆಯುತ್ತದೆ. ಮುಂಗಾರು ಗಾಳಿ ಅರಬ್ಬೀ ಸಮುದ್ರದ ಆಳದ ನೀರನ್ನು ಮೇಲೆಳೆಯುತ್ತದೆ, ಅಲ್ಲಿ ಹಸಿರು ಜಾಸ್ತಿ. ಬಂಗಾಳ ಕೊಲ್ಲಿಯಲ್ಲಿ ನದಿಗಳ ಸಿಹಿನೀರು ಮೇಲೆ ಹರಡಿಕೊಂಡು ಆಳದ ನೀರಿಗೆ ದಾರಿ ಬಿಡುವುದಿಲ್ಲ.

ಅಂಟಾರ್ಕ್ಟಿಕಾ ಸುತ್ತಲಿನ ಕಡಲಿನ ಕತೆಯೇ ಬೇರೆ. ಅಲ್ಲಿ ನೈಟ್ರೋಜನ್, ಫಾಸ್ಫರಸ್ ಇವೆ, ಕಬ್ಬಿಣ ತೀರಾ ಕಡಿಮೆ. 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಲೋಹಾಫೆಕ್ಸ್ ಪ್ರಯೋಗದಲ್ಲಿ ಸುಮಾರು 300 ಚದರ ಕಿ.ಮೀ. ನೀರಿಗೆ ಕಬ್ಬಿಣ ಸೇರಿಸಿದರು. ಪಾಚಿ ಹೆಚ್ಚಿತು. ಆದರೆ ಸಿಲಿಕಾ ಕಡಿಮೆ ಇದ್ದದ್ದರಿಂದ ಅದನ್ನು ಚಿಪ್ಪಿಗೆ ಬಳಸುವ ಡಯಾಟಮ್ ಎಂಬ ಪಾಚಿಗಳು ಏಳಲಿಲ್ಲ. ಬೆಳೆದ ಬೇರೆ ಪಾಚಿಯನ್ನು ಪುಟ್ಟ ಜೀವಿಗಳು ತಿಂದವು.

ಪರೀಕ್ಷೆ ಮುಗಿದ ಮೇಲೆ ಬಾಟಲಿ ನೀರನ್ನು ಕೆರೆಗೆ ಸುರಿಯಬೇಡಿ. ಹೂವಿನ ಗಿಡಕ್ಕೆ ಹಾಕಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಕೆಲವು ಪಾಚಿ ವಿಷಕಾರಿ.