ಎಲಿಸಾ ಲೊಂಕೋನ್ ಬಗ್ಗೆ ಬರಿಯೋದು ಹೇಗೆ

ಚಿಲಿಯ ಹೊಸ ಸಂವಿಧಾನದ ಕರಡು ಬರಿಯೋ ಸಭೆಗೆ ಅಧ್ಯಕ್ಷೆ ಆಗಿದ್ದ, ಮಾಪುಚೆ ಅನ್ನೋ ಮೂಲನಿವಾಸಿ ಸಮುದಾಯದ ಭಾಷಾವಿಜ್ಞಾನಿ ಎಲಿಸಾ ಲೊಂಕೋನ್ ಬಗ್ಗೆ ಬರಿಯೋರೆಲ್ಲಾ "ಮೊದಲ ಮೂಲನಿವಾಸಿ ಮಹಿಳೆ" ಅಂತ ಶುರು ಮಾಡ್ತಾರೆ, ನಾನೂ ಹಾಗೇ ಬರ್ದು ಹರಿದಾಕಿದೀನಿ. ನೀವು ಭಾಷೆಯಿಂದ ಶುರು ಮಾಡಿ.

ಮೊದ್ಲು ಓದಿನ ದಾರಿ ಗುರುತು ಹಾಕ್ಕೊಳ್ಳಿ. ಇಂಗ್ಲಿಷ್ ಟೀಚರ್ ಆಗೋಕೆ ಓದಿ, ಮೆಕ್ಸಿಕೋದಲ್ಲಿ ಭಾಷಾವಿಜ್ಞಾನದ ಮಾಸ್ಟರ್ಸ್, ಆಮೇಲೆ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಪಿಎಚ್‌ಡಿ, ಇಷ್ಟೆಲ್ಲಾ ಆದ್ಮೇಲೂ ಕೆಲ್ಸದ ಮಧ್ಯೆ ಇದ್ದಿದ್ದು ತಮ್ಮದೇ ಮಾಪುದುಂಗುನ್ ಭಾಷೆ.

ಆಮೇಲೆ ಒಂದೇ ಒಂದು ದೃಶ್ಯ ಆರಿಸ್ಕೊಂಡು ಅಲ್ಲೇ ಸ್ವಲ್ಪ ನಿಲ್ಲಿ. ನನ್ ಪ್ರಕಾರ ಅದು 2021ರ ಜುಲೈ 4, ಚಿಲಿಯ ರಾಜಧಾನಿ ಸ್ಯಾಂಟಿಯಾಗೋ. ಹೊಸ ಸಂವಿಧಾನ ಬರಿಯೋಕೆ ಆರಿಸಿ ಬಂದ 155 ಜನರಲ್ಲಿ 17 ಸೀಟು ಮೂಲನಿವಾಸಿಗಳಿಗೆ ಮೀಸಲು, ಅದ್ರಲ್ಲಿ 7 ಮಾಪುಚೆಗಳದ್ದು, ಲೊಂಕೋನ್ ಅದ್ರಲ್ಲಿ ಒಬ್ರು. ಎರಡನೇ ಸುತ್ತಲ್ಲಿ 96 ವೋಟು ಬಿದ್ದು ಆ ಸಭೆಯ ಅಧ್ಯಕ್ಷೆ ಆದ್ರು, ಸಾಂಪ್ರದಾಯಿಕ ಉಡುಪಲ್ಲಿ ಮೈಕ್ ಮುಂದೆ ನಿಂತು ಮೊದ್ಲು "ಮಾರಿ ಮಾರಿ" ಅಂದ್ರು, ಅಂದ್ರೆ ನಮಸ್ಕಾರ. ಸ್ಪ್ಯಾನಿಷ್ ಆಮೇಲೆ! ಡಿಗ್ರಿಗಳ ಪಟ್ಟಿ ಹೇಳದಿದ್ದನ್ನ ಆ ಎರಡು ಪದ ಹೇಳುತ್ತೆ.

ಅವ್ರನ್ನ ಸಂಸದೆ ಅಂತ ಬರಿಬೇಡಿ, ಅದು ಸಂಸತ್ತಲ್ಲ, ಕರಡು ಬರಿಯೋ ಸಭೆ ಅಷ್ಟೇ.

ಸೋಲನ್ನ ಮುಚ್ಚಿಡ್ಬೇಡಿ, ಆದ್ರೆ ಅವ್ರ ತಲೆಗೂ ಕಟ್ಬೇಡಿ. 2022ರ ಸೆಪ್ಟೆಂಬರ್ 4ರ ಜನಮತದಲ್ಲಿ ಸುಮಾರು 62% ಜನ ಕರಡು ಬೇಡ ಅಂದ್ರು, ಆದ್ರೆ ಇವ್ರು ಅಧ್ಯಕ್ಷೆ ಆಗಿದ್ದು ಮೊದಲರ್ಧ ಮಾತ್ರ, ಸಭೆಯ ನಿಯಮಗಳು ಆಗಿದ್ದು ಆಗ, 2022ರ ಜನವರಿಯಿಂದ ಆ ಜಾಗದಲ್ಲಿ ಮರಿಯಾ ಎಲಿಸಾ ಕಿಂಟೆರೋಸ್ ಇದ್ರು.