ಅಜ್ಜಿಯ ಹವಳದ ಸರ ಬಿಚ್ಚುವ ಮುಂಚೆ ಇದನ್ನು ಓದಿ

ಹಳೇ ಸರದ ದಾರಕ್ಕೆ ಕತ್ತರಿ ಹಾಕುವ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ನಾನು ತೆಗೆಯಲಿಲ್ಲ. ಚಿಕ್ಕಮಗಳೂರಿನ ಮಳೆಗಾಲದ ಥಂಡಿಗೆ ಅಜ್ಜಿಯ ಸರದ ಹತ್ತಿ ದಾರ ಲಡ್ಡಾಗಿತ್ತು. ಸುಮ್ನೆ ಕತ್ತರಿಸಿ, ಹವಳಗಳನ್ನು ಸೈಜು ನೋಡಿ ನೀಟಾಗಿ ಪೋಣಿಸಿದೆ. ಅಮ್ಮ ಕೈಯಲ್ಲಿ ಹಿಡಿದು, "ಚೆನ್ನಾಗಿದೆ, ಆದ್ರೆ ಅತ್ತೆ ಸರದ ಹಾಗಿಲ್ಲ ಕಣೆ" ಅಂದರು.

ನೋಡಿದರೆ ಕೆಲವು ಹವಳ ಹೊಳಪು ಹೋಗಿ ಬೆಳ್ಳಗಾಗಿದ್ದವು. ಅವು ಕತ್ತಿನ ಹಿಂದೆ ಇದ್ದು ಅಜ್ಜಿಯ ಬೆವರು ಕುಡಿದವು. ಅವನ್ನೇ ನಾನು ಮುಂದೆ ತಂದಿದ್ದೆ! ಎಲ್ಲ ಬಿಚ್ಚಿ, ಅಮ್ಮನ ಮದುವೆ ಆಲ್ಬಮ್ಮಿನಲ್ಲಿ ಅಜ್ಜಿಯ ಕತ್ತು ಹುಡುಕಿಕೊಂಡು ಮತ್ತೆ ಶುರು ಮಾಡಿದೆ.

ತೊಳೆಯಲು ಒದ್ದೆ ಬಟ್ಟೆ ಸಾಕು. ಹಿತ್ತಾಳೆಗೆ ಹಚ್ಚುವ ಹಾಗೆ ಹುಣಸೆಹಣ್ಣು, ನಿಂಬೆರಸ ಹಚ್ಚಲೇಬೇಡಿ. ಹವಳ ಸುಣ್ಣದ ಜಾತಿ, ಹುಳಿ ತಾಗಿದರೆ ಸವೆಯುತ್ತದೆ. ಮುತ್ತಿಗೂ ಇದೇ ಮಾತು.

ಸೀರೆ ಕುಚ್ಚಿನ ದಾರ ಬೇಡ, ಬೇಗ ಎಳೆ ಬಿಡುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ ಮಣಿ ಪೋಣಿಸುವ ನೈಲಾನ್ ದಾರ ಕೇಳಿ. 18 ಇಂಚಿನ ಸರಕ್ಕೆ, ಎರಡೆಳೆ ಮಾಡಿ ಗಂಟು ಹಾಕುವುದರಿಂದ, 2 ಗಜವಾದರೂ ಬೇಕು. ತುದಿಗೊಂದು ಬೀಗ ಕಟ್ಟಿ ರಾತ್ರಿಯಿಡೀ ಮೊಳೆಗೆ ನೇತುಹಾಕಿ, ಹಿಗ್ಗುವುದೆಲ್ಲ ಆಗಲೇ ಹಿಗ್ಗಲಿ. (ಹೊಸ ಸರ ಎಷ್ಟುದ್ದ ಇರಬೇಕು ಅಂತ ಗೊಂದಲವಿದ್ದರೆ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರ ಕತ್ತು ನೋಡಿ. 1117ರ ಗುಡಿ, ಆದರೂ ನಮ್ಮ ಅಂಗಡಿಗಳ ಡಿಸೈನಿಗಿಂತ ಅವೇ ನನಗೆ ಇಷ್ಟ.)

ತಾಳ್ಮೆ ಬೇಕಾಗುವುದು ಗಂಟಿಗೆ. ತಟ್ಟೆಯಲ್ಲಿ ಮಣಿ ಉರುಳುತ್ತದೆ, ಟವೆಲ್ ಹಾಸಿಕೊಂಡು ಕೂತುಕೊಳ್ಳಿ. ಒಂದು ಹವಳ ಪೋಣಿಸಿ, ಸಡಿಲವಾಗಿ ಗಂಟು ಸುತ್ತಿ, ಬಿಗಿಯುವ ಮೊದಲು ಆ ಕುಣಿಕೆಯೊಳಗೆ ದಪ್ಪ ಸೂಜಿ ತೂರಿಸಿ, ಸೂಜಿಯಿಂದಲೇ ಗಂಟನ್ನು ಹವಳದ ಬುಡದವರೆಗೆ ತಳ್ಳಿ, ಆಮೇಲೆ ಸೂಜಿ ಜಾರಿಸಿ ಎಳೆದರೆ ಗಂಟು ಅಲ್ಲೇ ಕೂರುತ್ತದೆ. ಮೊದಲ ಹತ್ತು ಸೊಟ್ಟಗೆ ಬರುತ್ತವೆ, ಬರಲಿ. ಹೀಗೆ ಒಂದೊಂದಕ್ಕೂ ಗಂಟಿದ್ದರೆ ಬಸ್ಸಿನ ನೂಕುನುಗ್ಗಲಲ್ಲಿ ದಾರ ಕಡಿದರೂ ಒಂದೋ ಎರಡೋ ಬೀಳುತ್ತವೆ ಅಷ್ಟೇ, ಹವಳಕ್ಕೆ ಹವಳ ಉಜ್ಜುವುದೂ ಇಲ್ಲ. ಗಂಟು ತೂತಿನೊಳಗೆ ನುಸುಳಿತಾ? ದಾರ ತೆಳುವಾಯಿತು, ದಪ್ಪದ್ದು ತನ್ನಿ. ನಡುವೆ ಚಿನ್ನದ ಗುಂಡಿದ್ದರೆ ಅದರ ತೂತಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಹರಿತವಾಗಿದ್ದರೆ ದಾರ ಮತ್ತೆ ಅಲ್ಲೇ ಕಡಿಯುತ್ತದೆ.

ಕೊನೆ ಗಂಟಿಗೆ ಸೂಪರ್ ಗ್ಲೂ ಹಾಕಿದರೆ ದಾರ ಕಡ್ಡಿಯಾಗಿ ಮುರಿಯುತ್ತದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಸಾಕು. ಆ ಬೆಳ್ಳಗಿನ ಹವಳಗಳು ಕೊಂಡಿಯ ಪಕ್ಕಕ್ಕೇ ಬಂದವಾ ನೋಡಿಕೊಂಡು, ಆಮೇಲೆ ಗಂಟು ಬಿಗಿಯಿರಿ.